ಕಡಿಮೆ ದುಡ್ಡಿನ ಕ್ರೈಮ್ ಸಿನಿಮಾಗಳು: ರಿಯಾಯಿತಿ ಕೊಡದೆ ನೋಡಿದರೆ ಯಾವುದು ನಿಲ್ಲುತ್ತೆ?

ರಾತ್ರಿಪಾಳಿ

ನ್ವಾರ್ (ನೆರಳು, ಅಪರಾಧ, ಹತಾಶೆ ತುಂಬಿದ ಹಳೇ ಕ್ರೈಮ್ ಸಿನಿಮಾ) ಅಂದ ಕೂಡಲೇ ಇಲ್ಲಿ ಎಲ್ಲರೂ ದೊಡ್ಡ ಸ್ಟುಡಿಯೋಗಳ ನಾಲ್ಕೈದು ಸಿನಿಮಾಗಳನ್ನೇ ಎತ್ತಿಕೊಂಡು ಕೂರುತ್ತೇವೆ. ಈ ಸಲ ಅವನ್ನು ಪಕ್ಕಕ್ಕಿಡೋಣ. ಬರೀ ಬಿ ಸಿನಿಮಾಗಳು. 1940ರಿಂದ 60ರ ಆಸುಪಾಸಿನವು, ಅಮೆರಿಕದವು, ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುವಂಥವು.

ಒಂದೇ ಷರತ್ತು. "ಪಾಪ, ದುಡ್ಡಿರಲಿಲ್ಲ, ಆದರೂ ಎಷ್ಟು ಚೆನ್ನಾಗಿ ಮಾಡಿದ್ದಾರೆ" ಅನ್ನೋ ಮಾತು ಬೇಡ. ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡುವ ಕೆಲಸ ನಮ್ಮದಲ್ಲ. ಸಿನಿಮಾ ಸಿನಿಮಾ ಆಗಿಯೇ ನಿಲ್ಲಬೇಕು.

ನಾನೇ ಶುರು ಮಾಡುತ್ತೇನೆ: 'ಡಿಟೂರ್' (1945). ಎಡ್ಗರ್ ಉಲ್ಮರ್ ನಿರ್ದೇಶನ, ಪಿಆರ್‌ಸಿ ಕಂಪನಿಯ ಸಿನಿಮಾ, 68 ನಿಮಿಷ. ಮೊದಲ ಹತ್ತು ನಿಮಿಷದಲ್ಲೇ ನೋಡಿ. ಹೀರೋ ಟಾಮ್ ನೀಲ್ ಹೋಟೆಲಿನಲ್ಲಿ ಕಾಫಿ ಹಿಡಿದು ಕೂತಿದ್ದಾನೆ. ಯಾರೋ ಹಾಡು ಹಾಕುತ್ತಾರೆ, ಇವನು ರೇಗುತ್ತಾನೆ. ಆಮೇಲೆ ಸುತ್ತಲಿನ ಲೈಟು ತಾನಾಗಿ ಇಳಿಯುತ್ತದೆ. ಕಣ್ಣಿನ ಮೇಲೆ ಮಾತ್ರ ಒಂದು ಪಟ್ಟಿ ಬೆಳಕು ಉಳಿಯುತ್ತದೆ. ಅವನ ಮನಸ್ಸಿನ ಮಾತು ಶುರುವಾಗುತ್ತದೆ. ಕಟ್ ಇಲ್ಲ, ಎಫೆಕ್ಟ್ ಇಲ್ಲ, ಒಬ್ಬ ಲೈಟ್‌ಬಾಯ್ ಸಾಕು. ಹತ್ತು ಪಟ್ಟು ದುಡ್ಡಿದ್ದರೂ ಆ ಶಾಟ್ ಇನ್ನೂ ಚೆನ್ನಾಗಿ ಬರುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಬಾಲ್ಕನಿ ಟಿಕೆಟ್

ಶುರುವಾಯ್ತು 'ಡಿಟೂರ್' ಭಜನೆ. ರಾತ್ರಿಪಾಳಿ ಅವರೇ, ನಿಮ್ಮ ಷರತ್ತನ್ನು ನೀವೇ ಪಾಲಿಸಿ. ಅದೇ ಸಿನಿಮಾದಲ್ಲಿ ಹೀರೋ ಲಿಫ್ಟ್ ಕೇಳಿಕೊಂಡು ಪಶ್ಚಿಮಕ್ಕೆ ಹೊರಡುವ ಶಾಟ್‌ಗಳನ್ನು ನೋಡಿ. ಕಾರುಗಳೆಲ್ಲ ರಸ್ತೆಯ ಎಡಗಡೆ ಹೋಗುತ್ತಿವೆ, ಸ್ಟೀರಿಂಗ್ ಬಲಗಡೆ. ಅಮೆರಿಕ ಏಕ್ದಂ ನಮ್ಮ ತುಮಕೂರು ರೋಡ್ ಆಗಿಬಿಟ್ಟಿದೆ! ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದಾರೆ. ನ್ಯೂಯಾರ್ಕ್ ಬೀದಿ ಅಂತ ಬರೀ ಮಂಜು ತೋರಿಸುತ್ತಾರೆ, ಮಂಜಿನೊಳಗೆ ಬೀದಿಯ ಹೆಸರಿನ ಬೋರ್ಡು. ಇದಕ್ಕೆಲ್ಲ "ದುಃಸ್ವಪ್ನದ ಹಾಗಿದೆ" ಅಂತ ವಿಮರ್ಶಕರು ಬರೆದುಕೊಂಡಿದ್ದಾರೆ. ಸೆಟ್ ಹಾಕಲು ಕಾಸಿಲ್ಲದೆ ಹೊಗೆ ಬಿಟ್ಟರೆ ಅದು ದುಃಸ್ವಪ್ನವಾ?

ಕತ್ತರಿ

ನೆಗೆಟಿವ್ ತಿರುಗಿಸಿದ್ದಕ್ಕೆ ಕಾರಣ ಇದೆ ಸರ್. ಹೀರೋ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್ ಕಡೆ, ಅಂದರೆ ಮ್ಯಾಪಿನಲ್ಲಿ ಬಲದಿಂದ ಎಡಕ್ಕೆ ಹೋಗಬೇಕು. ತೆಗೆದ ಶಾಟ್‌ಗಳು ಉಲ್ಟಾ ದಿಕ್ಕಿನಲ್ಲಿದ್ದವು. ಮತ್ತೆ ಶೂಟ್ ಮಾಡುವುದೋ, ತಿರುಗಿಸುವುದೋ? ತಿರುಗಿಸಿದರು. ನಾನು ಎಡಿಟಿಂಗ್ ಮಾಡಿಯೇ ಹೊಟ್ಟೆ ಹೊರೆಯುವವನು. ದಿಕ್ಕು ತಪ್ಪಿದರೆ ಪ್ರೇಕ್ಷಕನಿಗೆ ಗೊಂದಲ ಆಗುತ್ತದೆ, ಸ್ಟೀರಿಂಗ್ ಯಾವ ಕಡೆ ಇದೆ ಅಂತ ಮೊದಲ ಸಲ ನೋಡುವಾಗ ಗಮನಿಸುವುದೇ ಇಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೆ ಮಂಜಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಅದು ಸುಮ್ನೆ ಖಾಲಿ ಜಾಗ ಮುಚ್ಚಲು ಮಾಡಿದ್ದು. ಅದರ ಜೊತೆ ಟೆಲಿಫೋನ್ ಸೀನ್ ಕೂಡ ಸೇರಿಸಿ. ಹೀರೋ ದೂರದ ಊರಿಗೆ ಕಾಲ್ ಮಾಡುತ್ತಾನೆ, ನಡುವೆ ಬೇರೆಲ್ಲಿಂದಲೋ ತಂದ ಟೆಲಿಫೋನ್ ತಂತಿ, ಆಪರೇಟರ್‌ಗಳ ಶಾಟ್‌ಗಳು. ಹುಡುಗಿ ಫೋನ್ ಹಿಡಿದು ಕೂತಿರುತ್ತಾಳೆ, ಮಾತೆಲ್ಲ ಇವನದೇ. ಅದು ತೇಪೆ, ತೇಪೆ ಅಂತಲೇ ಕಾಣಿಸುತ್ತದೆ.

ನಿಂಬೆ ಶರಬತ್ತು

ಇಬ್ಬರೂ ಆ್ಯನ್ ಸ್ಯಾವೇಜ್ ಹೆಸರೇ ಎತ್ತಿಲ್ಲವಲ್ಲ! 'ಡಿಟೂರ್' ನಿಂತಿರುವುದೇ ಅವಳ ಮೇಲೆ. ಅರ್ಧ ಸಿನಿಮಾ ಆದಮೇಲೆ ಕಾರು ಹತ್ತುತ್ತಾಳೆ. ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಮಲಗಿರುತ್ತಾಳೆ. ಆಮೇಲೆ ದಿಢೀರ್ ಅಂತ ಎದ್ದು ಅವನತ್ತ ತಿರುಗಿ, ಈ ಕಾರಿನ ಮಾಲೀಕನ ಹೆಣ ಎಲ್ಲಿ ಅಂತ ಕೇಳುತ್ತಾಳೆ. ಆ ಒಂದು ತಿರುಗುವಿಕೆಗೆ ನಾನು ಎಷ್ಟು ಸಲ ನೋಡಿದರೂ ಬೆಚ್ಚುತ್ತೇನೆ. ದೊಡ್ಡ ಸ್ಟುಡಿಯೋದ ಮೋಹಿನಿಯರೆಲ್ಲ ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿ, ಮೆತ್ತಗೆ ಮಾತಾಡಿ ಗಂಡಸರನ್ನು ಬೀಳಿಸುತ್ತಾರೆ. ಇವಳಿಗೆ ಅದ್ಯಾವುದೂ ಬೇಡ. ಎಣ್ಣೆಜಿಡ್ಡಿನ ಕೂದಲು, ಕೆಮ್ಮು, ಬೈಗುಳ. ಬೀಳಿಸುವುದೇ ಇಲ್ಲ, ನೇರ ಕುತ್ತಿಗೆಪಟ್ಟಿ ಹಿಡಿಯುತ್ತಾಳೆ.

ದೊಡ್ಡ ಕಂಪನಿ ತನ್ನ ಸ್ಟಾರ್ ನಟಿಯನ್ನು ಇಷ್ಟು ಅಸಹ್ಯವಾಗಿ ತೋರಿಸಲು ಬಿಡುತ್ತಿತ್ತಾ? ಖಂಡಿತ ಇಲ್ಲ. ಇಲ್ಲಿ ಸ್ಟಾರೇ ಇಲ್ಲ, ಕಾಪಾಡಿಕೊಳ್ಳಬೇಕಾದ ಇಮೇಜೂ ಇಲ್ಲ. ಬಾಲ್ಕನಿ ಅವರೇ, ಬಡತನದಿಂದ ಬಂದ ಲಾಭ ಅಂದರೆ ಇದು. ಹೊಗೆ ಅಲ್ಲ.

ಹೊಸಬ 77

ನಮಸ್ಕಾರ, ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸಣ್ಣ ಪ್ರಶ್ನೆ. ಬಿ ಸಿನಿಮಾ ಅಂದರೆ ನಾನು ಇಷ್ಟು ದಿನ ಬಿ ಗ್ರೇಡ್, ಅಂದರೆ ಕೆಟ್ಟ ಸಿನಿಮಾ ಅಂತಲೇ ತಿಳಿದಿದ್ದೆ. ಹಾಗಲ್ಲವಾ? ಮತ್ತೆ 'ಡಿಟೂರ್' ಆರೇ ದಿನದಲ್ಲಿ ತೆಗೆದದ್ದು ಅಂತ ಎಲ್ಲ ಕಡೆ ಬರೆದಿರುತ್ತಾರೆ, ನಿಜವಾ?

ಕತ್ತರಿ

ಬನ್ನಿ ಬನ್ನಿ. ಆಗ ಅಮೆರಿಕದಲ್ಲಿ ಒಂದು ಟಿಕೆಟಿಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಇತ್ತು. ಮೊದಲನೆಯದು ದೊಡ್ಡದು, ಸ್ಟಾರ್‌ಗಳಿರುವುದು. ಅದಕ್ಕೆ ಥಿಯೇಟರ್‌ನವರು ಟಿಕೆಟ್ ದುಡ್ಡಿನಲ್ಲಿ ಪಾಲು ಕೊಡಬೇಕು. ಜೊತೆಗೆ ಬರುವ ಎರಡನೆಯದಕ್ಕೆ ಪಾಲಿಲ್ಲ, ಇಷ್ಟು ಅಂತ ಬಾಡಿಗೆ ಗೊತ್ತುಮಾಡಿ ಕೊಟ್ಟು ಕಳಿಸುತ್ತಿದ್ದರು. ಆ ಎರಡನೆಯದೇ ಬಿ.

ಇದರ ಪರಿಣಾಮ ನೋಡಿ. ಬಾಡಿಗೆ ಮೊದಲೇ ಗೊತ್ತು. ಸಿನಿಮಾ ಎಷ್ಟೇ ಚೆನ್ನಾಗಿದ್ದರೂ ಅದಕ್ಕಿಂತ ಜಾಸ್ತಿ ಬರಲ್ಲ, ಕೆಟ್ಟದಾಗಿದ್ದರೂ ಅಂಥಾ ನಷ್ಟ ಇಲ್ಲ. ಹಾಗಾಗಿ ಖರ್ಚು ಅದರೊಳಗೆ ನಿಂತರೆ ಸಾಕು, ಒಳಗೆ ಏನು ಮಾಡಿದ್ದೀಯ ಅಂತ ಮೇಲಿನವರು ಕೇಳುವುದೇ ಕಡಿಮೆ. ಪಿಆರ್‌ಸಿ, ಮೊನೊಗ್ರಾಮ್ ಥರದ ಸಣ್ಣ ಕಂಪನಿಗಳು ಬದುಕಿದ್ದೇ ಈ ಲೆಕ್ಕದಲ್ಲಿ. ದೊಡ್ಡ ಸ್ಟುಡಿಯೋಗಳಲ್ಲೂ ಬಿ ವಿಭಾಗ ಇರುತ್ತಿತ್ತು. 1948ರಲ್ಲಿ ಪ್ಯಾರಾಮೌಂಟ್ ಕೇಸಿನ ತೀರ್ಪು ಬಂದು ಸ್ಟುಡಿಯೋಗಳು ತಮ್ಮ ಥಿಯೇಟರ್‌ಗಳನ್ನು ಬಿಟ್ಟುಕೊಡಬೇಕಾಯಿತು, ಆಮೇಲೆ ಟೀವಿ ಬಂತು. ಆ ವ್ಯವಸ್ಥೆ ನಿಧಾನಕ್ಕೆ ಕುಸಿಯಿತು.

ಆರು ದಿನದ ಕತೆ ಉಲ್ಮರ್ ತಾವೇ ಹೇಳಿಕೊಂಡು ಬಂದದ್ದು. ಕಂಪನಿಯ ಕಾಗದಪತ್ರ ಹುಡುಕಿ ಪುಸ್ತಕ ಬರೆದ ನೋವಾ ಐಸೆನ್‌ಬರ್ಗ್ ಅದನ್ನು ಒಪ್ಪುವುದಿಲ್ಲ. ಶೂಟಿಂಗ್ ಅದಕ್ಕಿಂತ ಜಾಸ್ತಿ ದಿನ ನಡೆದಿದೆ, ಖರ್ಚು ಒಂದು ಲಕ್ಷ ಡಾಲರ್ ದಾಟಿದೆ. ಆದರೆ ಆರು ದಿನ ಅಂದರೆ ಕೇಳಲು ಮಜಾ ಅಲ್ವಾ? ಅದಕ್ಕೇ ಕತೆ ಸಾಯುವುದಿಲ್ಲ.

ಬಾಲ್ಕನಿ ಟಿಕೆಟ್

ಹಾಗಾದರೆ ನನ್ನ ಲಿಸ್ಟ್ ಕೇಳಿ. ನನ್ನ ಪ್ರಕಾರ ಈ ಸಾಲಿನಲ್ಲಿ ನಿಜವಾಗಿ ಮೇಲೆ ನಿಲ್ಲುವುದು 'ಗನ್ ಕ್ರೇಜಿ' (1950). ಜೋಸೆಫ್ ಲೂಯಿಸ್ ನಿರ್ದೇಶನ, ಕಿಂಗ್ ಬ್ರದರ್ಸ್ ನಿರ್ಮಾಣ. ಬ್ಯಾಂಕ್ ದರೋಡೆ ಸೀನ್ ಮೂರು ನಿಮಿಷಕ್ಕೂ ಜಾಸ್ತಿ, ಒಂದೇ ಶಾಟ್. ಕ್ಯಾಮೆರಾ ಕಾರಿನ ಹಿಂದಿನ ಸೀಟಿನಲ್ಲಿದೆ. ನಾವು ದರೋಡೆಗೆ ಹೊರಟ ಗಂಡು, ಹೆಣ್ಣು ಇಬ್ಬರ ಬೆನ್ನು, ಮುಂದಿನ ಗಾಜು, ಊರಿನ ಬೀದಿ ನೋಡುತ್ತಾ ಹೋಗುತ್ತೇವೆ. ಪಾರ್ಕಿಂಗ್ ಸಿಗುತ್ತೋ ಇಲ್ವೋ ಅಂತ ಇಬ್ಬರೂ ಮಾತಾಡಿಕೊಳ್ಳುತ್ತಾರೆ. ಅವನು ಇಳಿದು ಬ್ಯಾಂಕಿಗೆ ಹೋಗುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗಲ್ಲ! ಅಷ್ಟರಲ್ಲಿ ಪೊಲೀಸಪ್ಪ ಬರುತ್ತಾನೆ. ಪೆಗ್ಗಿ ಕಮಿನ್ಸ್ ಕಾರಿಂದ ಇಳಿದು ಅವನ ಜೊತೆ ಹರಟೆ ಹೊಡೆಯುತ್ತಾಳೆ. ಕ್ಯಾಮೆರಾ ಮೆಲ್ಲಗೆ ಮುಂದಕ್ಕೆ ಬಂದು ಕಿಟಕಿಯಿಂದ ಇಣುಕುತ್ತದೆ. ಅಲಾರಂ ಹೊಡೆಯುತ್ತದೆ, ಪೊಲೀಸಪ್ಪನ ತಲೆಗೆ ಒಂದು ಬೀಳುತ್ತದೆ, ಕಾರು ಓಡುತ್ತದೆ.

ದರೋಡೆ ಒಳಗೆ ಹೇಗೆ ನಡೆಯಿತು ಅಂತ ನಾವು ನೋಡುವುದೇ ಇಲ್ಲ. ಬ್ಯಾಂಕಿನ ಸೆಟ್ ಬೇಕಿಲ್ಲ, ಒಳಗಿನ ಜೂನಿಯರ್ ಆರ್ಟಿಸ್ಟ್‌ಗಳು ಬೇಕಿಲ್ಲ. ದುಡ್ಡು ಉಳಿಯಿತು, ಉಸಿರು ನಿಂತಿತು. ಇದು ನನಗೆ ಬೇಕಾದ ಜಿಪುಣತನ.

ಸ್ಯಾನ್ ಹೋಸೆ ಕನ್ನಡಿಗ

ಆ ಸೀನ್ ತೆಗೆದದ್ದು ಲಾಸ್ ಏಂಜಲೀಸ್ ಹತ್ತಿರದ ಮಾಂಟ್ರೋಸ್‌ನಲ್ಲಿ. ನಟರ ಮಾತು ಆ ಜಾಗದಲ್ಲೇ ಹುಟ್ಟಿದ್ದು, ಬರೆದುಕೊಟ್ಟದ್ದಲ್ಲ. ಕ್ಯಾಮೆರಾಮನ್ ಗ್ರೀಸ್ ಹಚ್ಚಿದ ಹಲಗೆಯ ಮೇಲೆ ಕುದುರೆ ಜೀನು ಇಟ್ಟುಕೊಂಡು ಕೂತಿದ್ದ, ಮುಂದಕ್ಕೆ ಜಾರಿಸಲು ಅನುಕೂಲ ಅಂತ. ಕಾರಿನ ಒಳಗೆ ಅಷ್ಟು ಜನ, ಸಾಮಾನು ತುಂಬಿಕೊಂಡಿದ್ದರು. ಊರಿನ ಜನರಲ್ಲಿ ಬ್ಯಾಂಕಿನವರನ್ನು ಬಿಟ್ಟರೆ ಹೆಚ್ಚಿನವರಿಗೆ ಶೂಟಿಂಗ್ ಅಂತ ಗೊತ್ತಿರಲಿಲ್ಲ. ಕೊನೆಯಲ್ಲಿ ದರೋಡೆ ಅಂತ ಯಾರೋ ಕೂಗಿದ್ದು ನಿಜವಾದ ದಾರಿಹೋಕರು ಅಂತ ಲೂಯಿಸ್ ಹೇಳಿಕೊಂಡಿದ್ದಾರೆ.

ಇನ್ನೊಂದು ಮಾತು. ಈ ಸಿನಿಮಾದ ಚಿತ್ರಕತೆಯಲ್ಲಿ ಡಾಲ್ಟನ್ ಟ್ರಂಬೋ ಕೈ ಇದೆ. ಆಗ ಅವರು ಕಪ್ಪುಪಟ್ಟಿಯಲ್ಲಿದ್ದರು, ಕಮ್ಯುನಿಸ್ಟ್ ಅಂತ. ದೊಡ್ಡ ಸ್ಟುಡಿಯೋಗಳ ಬಾಗಿಲು ಮುಚ್ಚಿತ್ತು. ಹಾಗಾಗಿ ಅವರ ಬದಲು ಮಿಲ್ಲರ್ಡ್ ಕಾಫ್‌ಮನ್ ಅನ್ನುವ ಇನ್ನೊಬ್ಬ ಬರಹಗಾರನ ಹೆಸರು ಹಾಕಿದರು. ಸಣ್ಣ ನಿರ್ಮಾಪಕರಿಗೆ ಮೊದಲ ದರ್ಜೆಯ ಬರಹಗಾರ ಅಗ್ಗಕ್ಕೆ ಸಿಕ್ಕಿದ. ಇದು ಖುಷಿಪಡುವ ಲೆಕ್ಕ ಅಲ್ಲ, ಆದರೆ ಬಿ ನ್ವಾರ್ ಬರವಣಿಗೆ ಅಷ್ಟು ಚುರುಕಾಗಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕಡೆಯದೇ 'ಡಿ.ಒ.ಎ.' (1950) ಬಗ್ಗೆ ಯಾರೂ ಹೇಳಿಲ್ಲ. ವಿಷ ಕುಡಿದವನು ತನ್ನನ್ನು ಕೊಂದವನನ್ನು ತಾನೇ ಹುಡುಕುತ್ತಾನೆ. ಎಡ್ಮಂಡ್ ಓಬ್ರಯನ್ ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಓಡುವ ಸೀನ್ ಇದೆಯಲ್ಲ, ಅಲ್ಲಿ ತಿರುಗಿ ನೋಡುವ ಮುಖಗಳು ನಿಜವಾದ ಮುಖಗಳು. ಆ ಬೀದಿಯಲ್ಲಿ ನಡೆಯುವಾಗಲೆಲ್ಲ ನನಗೆ ಅದೇ ನೆನಪು.

ನಿಂಬೆ ಶರಬತ್ತು

'ಡಿ.ಒ.ಎ.' ಓಡುವ ಸೀನ್‌ಗೆ ನೂರು ನಮಸ್ಕಾರ. ಆದರೆ ಅದರ ಮೊದಲು ಹೋಟೆಲ್ ಸೀನ್‌ನಲ್ಲಿ ಹೆಂಗಸು ಕಂಡಾಗಲೆಲ್ಲ ಹಿನ್ನೆಲೆಯಲ್ಲಿ "ಪೀಂ... ಪ್ಯೂಂ" ಅಂತ ಸೀಟಿ ಹೊಡೆಸಿದ್ದಾರಲ್ಲ! ಯಾವ ಕಾರ್ಟೂನ್ ಅದು? ಸಂಗೀತ ಡಿಮಿಟ್ರಿ ಟಿಯೋಮ್ಕಿನ್, ಸಣ್ಣ ಆಸಾಮಿ ಏನಲ್ಲ. ದುಡ್ಡಿಲ್ಲದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಬುದ್ಧಿ ಇಲ್ಲದ್ದಕ್ಕೆ ಇದೆ. ಒಳ್ಳೆ ಸಿನಿಮಾದ ಮೊದಲ ಅರ್ಧ ಗಂಟೆಯನ್ನು ಆ ಸೀಟಿ ಹಾಳು ಮಾಡಿದೆ.

ರಾತ್ರಿಪಾಳಿ

ಹ್ಹಹ್ಹ, ಆ ಸೀಟಿಗೆ ಕ್ಷಮೆ ಇಲ್ಲ.

ಜಾನ್ ಆಲ್ಟನ್ ಹೆಸರು ಬಾರದೆ ಈ ಚರ್ಚೆ ಮುಂದೆ ಹೋಗಬಾರದು. ಹಂಗೇರಿಯಲ್ಲಿ ಹುಟ್ಟಿದ ಛಾಯಾಗ್ರಾಹಕ. ಆಂಥನಿ ಮ್ಯಾನ್ ಜೊತೆ 'ಟಿ-ಮೆನ್' (1947), 'ರಾ ಡೀಲ್' (1948) ಮಾಡಿದ. ಎರಡೂ ಸಣ್ಣ ಬಜೆಟ್. 'ಟಿ-ಮೆನ್' ಕತೆ ಖಜಾನೆ ಇಲಾಖೆಯ ಜಾಹೀರಾತಿನ ಥರ ಶುರುವಾಗುತ್ತದೆ. ಅಧಿಕಾರಿಯೊಬ್ಬ ಮೇಜಿನ ಮುಂದೆ ಕೂತು ಒಣಕಲು ಭಾಷಣ ಮಾಡುತ್ತಾನೆ. ಆಮೇಲೆ ಕಳ್ಳನೋಟಿನ ಗುಂಪಿನೊಳಗೆ ಹೋದ ಕೂಡಲೇ ಸಿನಿಮಾವನ್ನು ಆಲ್ಟನ್ ಕೈಗೆತ್ತಿಕೊಳ್ಳುತ್ತಾನೆ. ಸ್ಟೀಮ್ ಬಾತ್‌ನಲ್ಲಿ ಒಬ್ಬನನ್ನು ಕೂಡಿಹಾಕಿ ಕೊಲ್ಲುವ ಸೀನ್ ನೋಡಿ. ಒಳಗಿನಿಂದ ಅವನು ಗಾಜು ಬಡಿಯುತ್ತಾನೆ, ಹೊರಗೆ ಚಾರ್ಲ್ಸ್ ಮೆಕ್‌ಗ್ರಾ ಮುಖ ಕಲ್ಲಿನ ಹಾಗೆ ನಿಂತಿದೆ. ನಡುವೆ ಆವಿ. ಇದೂ ಹೊಗೆಯೇ, ಬಾಲ್ಕನಿ ಅವರೇ. ಆದರೆ ಈ ಹೊಗೆ ಕೊಲ್ಲುತ್ತದೆ.

ಬಾಲ್ಕನಿ ಟಿಕೆಟ್

ಈ ಹೊಗೆಗೆ ನನ್ನ ತಕರಾರಿಲ್ಲ. ಅದೇ ಸಿನಿಮಾದಲ್ಲಿ ಮಾರುಕಟ್ಟೆಯಲ್ಲಿ ಹೆಂಡತಿ ಎದುರಿಗೆ ಸಿಕ್ಕಾಗ, ವೇಷ ಮರೆಸಿಕೊಂಡಿರುವ ಗಂಡ ಗುರುತಿಲ್ಲದವನ ಹಾಗೆ ನಿಲ್ಲುತ್ತಾನೆ. ಅವಳಿಗೆ ಅರ್ಥವಾಗುತ್ತದೆ, ಅವಳೂ ಯಾರೋ ಅಂದುಬಿಡುತ್ತಾಳೆ. ಒಂದೂವರೆ ನಿಮಿಷ ಇರಬಹುದು. ಅಂಥ ಸೀನ್‌ಗೆ ಯಾವ ಬಜೆಟ್ಟೂ ಬೇಕಿಲ್ಲ.

ಆದರೆ "ದುಡ್ಡಿಲ್ಲ, ಅದಕ್ಕೆ ಕತ್ತಲು" ಅನ್ನುವ ಹಳೇ ಸಿದ್ಧಾಂತವನ್ನು ಯಾರಾದರೂ ತಂದರೆ ನಾನು ಎದ್ದು ಹೋಗುತ್ತೇನೆ. ದುಡ್ಡಿರುವ ಸ್ಟುಡಿಯೋಗಳೂ ಅದೇ ಕತ್ತಲಲ್ಲಿ ಸಿನಿಮಾ ತೆಗೆದಿವೆ.

ಕತ್ತರಿ

ಅರ್ಧ ನಿಜ. ಯುದ್ಧದ ಕಾಲದಲ್ಲಿ, 1942ರಿಂದ, ಸೆಟ್ಟಿಗೆ ಹೊಸ ಸಾಮಗ್ರಿ ಒಂದು ಸಿನಿಮಾಗೆ 5,000 ಡಾಲರ್ ಮೀರಬಾರದು ಅಂತ ಸರ್ಕಾರವೇ ಮಿತಿ ಹಾಕಿತ್ತು. ಅದು ದೊಡ್ಡವರಿಗೂ ಅನ್ವಯ. ಹಳೇ ಸೆಟ್ಟನ್ನೇ ಕತ್ತಲು ಮಾಡಿ ಬೇರೆ ಜಾಗ ಅಂತ ತೋರಿಸುವ ವಿದ್ಯೆ ಎಲ್ಲರೂ ಕಲಿತರು. ಜೊತೆಗೆ ಬರ್ಲಿನ್, ವಿಯೆನ್ನಾ ಕಡೆಯಿಂದ ಬಂದವರು ಆ ಬೆಳಕಿನ ರೀತಿಯನ್ನು ತಲೆಯಲ್ಲೇ ಹೊತ್ತು ತಂದಿದ್ದರು. ಉಲ್ಮರ್ ಕೂಡ ಆ ಕಡೆಯವರೇ.

ಆಲ್ಟನ್ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸುವುದು ಬೇಗ ಕೆಲಸ ಮುಗಿಸುವುದು. ಹತ್ತು ಲೈಟ್ ಜೋಡಿಸುವ ಜಾಗದಲ್ಲಿ ಒಂದೆರಡು ಸಾಕು ಅನ್ನುವವನು. ನಿರ್ಮಾಪಕನಿಗೆ ಗಂಟೆ ಉಳಿಯುತ್ತಿತ್ತು, ನಟರಿಗೆ ಆ ಗಂಟೆ ಸಿಗುತ್ತಿತ್ತು. 'ದಿ ಬಿಗ್ ಕಾಂಬೋ' (1955) ಕೊನೆ ನೋಡಿ: ಕಪ್ಪು ಹಿನ್ನೆಲೆ, ಬಿಳಿ ಮಂಜು, ಎರಡು ಆಕಾರ. ವಿಮಾನ ನಿಲ್ದಾಣ ಅಂತ ನಂಬಿಸಲು ಅಷ್ಟೇ ಸಾಕಾಯಿತು. ಅದೇ ಸಿನಿಮಾದಲ್ಲಿ ಇನ್ನೂ ದೊಡ್ಡ ಐಡಿಯಾ ಇದೆ. ಕಿವಿ ಕೇಳದ ಗೂಂಡಾನನ್ನು ಕೊಲ್ಲಬೇಕು. ಬಾಸ್ ಅವನ ಕಿವಿಯ ಮೆಷಿನ್ ಕಿತ್ತುಕೊಳ್ಳುತ್ತಾನೆ. ತಕ್ಷಣ ಥಿಯೇಟರಿನಲ್ಲಿ ಶಬ್ದವೇ ನಿಂತುಹೋಗುತ್ತದೆ. ಗನ್ನಿನ ಬಾಯಲ್ಲಿ ಬೆಂಕಿ ಕಾಣುತ್ತದೆ, ಸದ್ದಿಲ್ಲ. ಸೌಂಡ್ ಟ್ರ್ಯಾಕ್ ಆಫ್ ಮಾಡಲು ಎಷ್ಟು ಖರ್ಚು? ಸೊನ್ನೆ.

ನಿಂಬೆ ಶರಬತ್ತು

ಗಂಡಸರ ಲಿಸ್ಟ್ ಮುಗಿಯಿತಾ? ಹಾಗಾದರೆ ಐಡಾ ಲುಪಿನೋ. 'ದಿ ಹಿಚ್-ಹೈಕರ್' (1953). ಆ ಕಾಲದ ಹಾಲಿವುಡ್‌ನಲ್ಲಿ ನ್ವಾರ್ ನಿರ್ದೇಶಿಸಿದ ಹೆಣ್ಣು ಅಂದರೆ ಅವಳ ಹೆಸರೇ ಬರುವುದು. ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರು ದಾರಿಯಲ್ಲಿ ಒಬ್ಬನಿಗೆ ಲಿಫ್ಟ್ ಕೊಡುತ್ತಾರೆ. ಅವನು ಕೊಲೆಗಾರ. ಬಿಲ್ಲಿ ಕುಕ್ ಅನ್ನುವ ನಿಜವಾದ ಕೊಲೆಗಾರನ ಘಟನೆ ಇದಕ್ಕೆ ಮೂಲ. ವಿಲಿಯಂ ಟಾಲ್ಮನ್ ಪಾತ್ರಕ್ಕೆ ಒಂದು ಕಣ್ಣು ಮುಚ್ಚುವುದಿಲ್ಲ. ರಾತ್ರಿ ಮರುಭೂಮಿಯಲ್ಲಿ ಮೂವರೂ ಮಲಗಿದ್ದಾರೆ. ಅವನು ನಿದ್ದೆಯಲ್ಲಿದ್ದಾನೋ ಎಚ್ಚರವಾಗಿದ್ದಾನೋ ಇವರಿಗೆ ಗೊತ್ತಾಗುವುದಿಲ್ಲ. ಓಡಿಹೋಗಬಹುದಾ? ಅಷ್ಟೇ ಸೀನ್.

ಈ ಸಿನಿಮಾದಲ್ಲಿ ಹಗಲೇ ಜಾಸ್ತಿ. ಬಿಸಿಲು, ಬಂಡೆ, ಧೂಳು. ಕತ್ತಲಿಲ್ಲದೆ ನ್ವಾರ್ ಆಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ. ಗಂಡಸರು ಹೆದರಿದಾಗ ಹೇಗಿರುತ್ತಾರೆ ಅಂತ ಅವಳು ತೋರಿಸಿದ ಹಾಗೆ ಆ ಕಾಲದ ಗಂಡಸು ನಿರ್ದೇಶಕರು ತೋರಿಸಿದ್ದು ಕಡಿಮೆ. ಇಲ್ಲಿ ಇಬ್ಬರೂ ಹೀರೋಗಳಲ್ಲ. ಒಬ್ಬ ಅಳುತ್ತಾನೆ, ಇನ್ನೊಬ್ಬ ಸಮಾಧಾನ ಮಾಡುತ್ತಾನೆ.

ಸ್ಯಾನ್ ಹೋಸೆ ಕನ್ನಡಿಗ

ಒಪ್ಪಿದೆ ಮೇಡಂ. 71 ನಿಮಿಷದಲ್ಲಿ ಒಂದು ನಿಮಿಷವೂ ಜಾಸ್ತಿ ಅನ್ನಿಸುವುದಿಲ್ಲ. ಒಂದೇ ದೂರು: ಕ್ಲೈಮ್ಯಾಕ್ಸ್ ಬೇಗ ಮುಗಿದುಹೋಗುತ್ತದೆ. ಬಂದರಿನ ಕಟ್ಟೆಯ ಮೇಲೆ ಪೊಲೀಸರು ಬಂದರು, ಹಿಡಿದರು, ಆಯಿತು.

ಹೊಸಬರಿಗೆ ಒಂದು ಎಚ್ಚರಿಕೆ. ಇಲ್ಲಿ ಹೆಸರು ಬಂದ ಎಷ್ಟೋ ಸಿನಿಮಾಗಳು ಈಗ ಸಾರ್ವಜನಿಕ ಸ್ವತ್ತು. 28 ವರ್ಷಕ್ಕೆ ಕಾಪಿರೈಟ್ ನವೀಕರಿಸಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಾಗಾಗಿ ನೆಟ್‌ನಲ್ಲಿ ಸಲೀಸಾಗಿ ಸಿಗುತ್ತವೆ, ಆದರೆ ಕಾಪಿ ಘೋರವಾಗಿರುತ್ತದೆ. ಮುಖ ಬಿಳಿ ಹಿಟ್ಟು, ನೆರಳು ಮಸಿ. 'ಡಿಟೂರ್' ಮಾತ್ರ 2018ರಲ್ಲಿ ಅಕಾಡೆಮಿ ಫಿಲ್ಮ್ ಆರ್ಕೈವ್‌ನವರು 4ಕೆನಲ್ಲಿ ಸರಿಪಡಿಸಿದ್ದಾರೆ. ಬೆಲ್ಜಿಯಂನಲ್ಲಿ ಸಿಕ್ಕ ಪ್ರಿಂಟ್ ಮೇಲೆ ಅಲ್ಲಿನ ಸಬ್‌ಟೈಟಲ್ ಇತ್ತು, ಅದನ್ನು ಅಳಿಸಿ ತೆಗೆದರು. ಹಳೇ ಕಾಪಿ ನೋಡಿ "ಕಳಪೆ ಛಾಯಾಗ್ರಹಣ" ಅಂದವರು ಇದನ್ನು ನೋಡಲಿ. ಬಡತನ ಅಂತ ನಾವು ಅಂದುಕೊಂಡದ್ದರಲ್ಲಿ ಎಷ್ಟೋ ಭಾಗ ಸವೆದ ಪ್ರಿಂಟಿನ ತಪ್ಪು.

ಹೊಸಬ 77

ಥ್ಯಾಂಕ್ಸ್ ಎಲ್ಲರಿಗೂ. ಒಂದೇ ಒಂದು ಸಿನಿಮಾ ಇಂದು ರಾತ್ರಿ ನೋಡಬೇಕು ಅಂದರೆ ಯಾವುದು? ಮನೆಯಲ್ಲಿ ಅಪ್ಪ ಕೂಡ ಕೂರುತ್ತಾರೆ, ಅವರಿಗೆ ಹಳೇ ಸಿನಿಮಾ ಅಂದರೆ ನಿಧಾನ ಅಂತ ದೂರು.

ಕತ್ತರಿ

'ದಿ ನ್ಯಾರೋ ಮಾರ್ಜಿನ್' (1952). ಕಣ್ಣುಮುಚ್ಚಿ ಹೇಳುತ್ತೇನೆ. ಗ್ಯಾಂಗ್‌ಸ್ಟರ್‌ನ ವಿಧವೆ ಸಾಕ್ಷಿ ಹೇಳಲು ಹೊರಟಿದ್ದಾಳೆ, ಚಾರ್ಲ್ಸ್ ಮೆಕ್‌ಗ್ರಾ ಅವಳ ಕಾವಲಿಗಿರುವ ಪೊಲೀಸ್. ರೈಲಿನಲ್ಲಿ ಕೊಲೆಗಾರರಿದ್ದಾರೆ, ಅವರಿಗೆ ಅವಳ ಮುಖ ಗೊತ್ತಿಲ್ಲ. ರಿಚರ್ಡ್ ಫ್ಲೈಶರ್ 13 ದಿನದಲ್ಲಿ ಶೂಟ್ ಮಾಡಿದ್ದು. ರೈಲಿನ ಸೆಟ್ಟನ್ನು ನೆಲಕ್ಕೆ ಗಟ್ಟಿಯಾಗಿ ಕೂರಿಸಿ ಕ್ಯಾಮೆರಾವನ್ನೇ ಅಲ್ಲಾಡಿಸಿದರು. ಹಿನ್ನೆಲೆ ಸಂಗೀತವನ್ನೇ ಬರೆಸಲಿಲ್ಲ. ರೈಲಿನ ಸದ್ದೇ ಸಂಗೀತ. ಮೇರಿ ವಿಂಡ್ಸರ್ ಉಗುರು ಉಜ್ಜುತ್ತಾ ಕೂತಿರುತ್ತಾಳೆ, ಆ ಸರಕ್ ಸರಕ್ ಹಾಗೇ ರೈಲಿನ ಗಾಲಿಯ ಸದ್ದಿಗೆ ಸೇರಿಕೊಳ್ಳುತ್ತದೆ. ಅದೊಂದು ಕಟ್ ನಾನು ಮಾಡಿದ್ದೆ ಅಂತ ಹೇಳಿಕೊಳ್ಳುವಂತಿದ್ದರೆ ಸಂಬಳ ಬೇಡ ಅನ್ನುತ್ತಿದ್ದೆ.

ಬಾಲ್ಕನಿ ಟಿಕೆಟ್

ಒಳ್ಳೆ ಆಯ್ಕೆ. ಆದರೆ ನನ್ನ ಓಟು 'ಮರ್ಡರ್ ಬೈ ಕಾಂಟ್ರಾಕ್ಟ್' (1958). ಬಾಡಿಗೆ ಕೊಲೆಗಾರ ರೂಮಿನಲ್ಲಿ ಕಸರತ್ತು ಮಾಡುತ್ತಾ ಫೋನ್ ಬರಲಿ ಅಂತ ಕಾಯುತ್ತಾನೆ. ಲಾಸ್ ಏಂಜಲೀಸ್‌ಗೆ ಕಳಿಸಿದರೆ ಈಜುತ್ತಾನೆ, ಊರು ಸುತ್ತುತ್ತಾನೆ, ಜೊತೆಗೆ ಬಂದ ಇಬ್ಬರ ಪ್ರಾಣ ಹಿಂಡುತ್ತಾನೆ. ಇಡೀ ಸಿನಿಮಾಗೆ ಒಂದು ಗಿಟಾರ್. ಮಾರ್ಟಿನ್ ಸ್ಕಾರ್ಸೆಸಿ ತಮ್ಮ ಮೇಲೆ ಪ್ರಭಾವ ಬೀರಿದ್ದು ಅಂತ ಇದನ್ನು ಹೊಗಳಿದ್ದಾರೆ. ಅಪ್ಪಾಜಿಗೆ ಇದು ಬೇಡ ಬಿಡಿ, ನೀವು ಒಬ್ಬರೇ ನೋಡಿ.

ಹೊಸಬ 77

'ನ್ಯಾರೋ ಮಾರ್ಜಿನ್' ನೋಡಿದೆವು. (ನೋಡದವರು ಮುಂದೆ ಓದಬೇಡಿ, ಗುಟ್ಟು ಬಿಡುತ್ತಿದ್ದೇನೆ.)

ಅಪ್ಪ ಮಧ್ಯದಲ್ಲಿ ಎದ್ದು ಹೋಗಲಿಲ್ಲ, ಫೋನ್ ಕೂಡ ಮುಟ್ಟಲಿಲ್ಲ. ಆದರೆ ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿದರು, ನನ್ನ ಹತ್ತಿರ ಉತ್ತರ ಇಲ್ಲ. ಮೇರಿ ವಿಂಡ್ಸರ್ ಪಾತ್ರ ನಿಜವಾಗಿ ಪೊಲೀಸ್ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಅವಳು ಸತ್ತೂ ಹೋಗುತ್ತಾಳೆ. ಅವಳಿಗಾಗಿ ಆ ಹೀರೋ ಒಂದು ನಿಮಿಷವೂ ದುಃಖಪಡಲ್ಲ, ಸಿನಿಮಾ ಅವಳನ್ನು ಹಾಗೇ ಮರೆತುಬಿಡುತ್ತದೆ. ಇದು ಬೇಕಂತಲೇ ಮಾಡಿದ್ದಾ, ಅಥವಾ ಟೈಮ್ ಇರಲಿಲ್ವಾ?

ನಿಂಬೆ ಶರಬತ್ತು

ನಿಮ್ಮ ಅಪ್ಪನನ್ನೇ ಇಲ್ಲಿಗೆ ಸೇರಿಸಿ ಮಾರಾಯ್ರೇ. ನನಗೂ ಆ ಸಿನಿಮಾದ ಮೇಲೆ ಇರುವ ಒಂದೇ ಸಿಟ್ಟು ಅದು. ಹೀರೋಗೆ ಅವಳು ಯಾರು ಅಂತ ಗೊತ್ತಾಗುವ ಸೀನೇ ಸರಿಯಾಗಿಲ್ಲ. ಒಂದು ಕ್ಲೋಸಪ್ ಸಾಕಿತ್ತು.

ಕತ್ತರಿ

ಆ ಸಿನಿಮಾ ಮುಗಿದ ಮೇಲೂ ಆರ್‌ಕೆಒ ಸ್ಟುಡಿಯೋದ ಮಾಲೀಕ ಹಾವರ್ಡ್ ಹ್ಯೂಸ್ ಅದನ್ನು ಬಹಳ ಕಾಲ ಬಿಡುಗಡೆ ಮಾಡದೆ ಇಟ್ಟುಕೊಂಡಿದ್ದರು. ಹಾಗಾಗಿ ಟೈಮ್ ಇರಲಿಲ್ಲ ಅನ್ನುವಂತಿಲ್ಲ. ಶರಬತ್ತು ಅವರು ಹೇಳಿದ ಕ್ಲೋಸಪ್ ತೆಗೆಯಲು ಅರ್ಧ ದಿನವೂ ಬೇಡ. ತೆಗೆಯಲಿಲ್ಲ ಅಷ್ಟೇ. ರಾತ್ರಿಪಾಳಿ ಅವರ ಷರತ್ತಿನ ಪ್ರಕಾರ ಇದಕ್ಕೆ ಮಾರ್ಕ್ಸ್ ಕಟ್.